ಸೇನಾ ಮೈದಾನದ ಪ್ರದರ್ಶನಕ್ಕೆ ನಮ್ಮ ಹಳೆಯ ಜೀಪುಗಳು: ಖರ್ಚು ಯಾರದು, ಅವಘಡವಾದರೆ ಹೊಣೆ ಯಾರದು?

ಪ್ರಶ್ನೆ: ಟಿಳಕವಾಡಿ ಜೀಪಿನವರು, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ನನ್ನಲ್ಲಿ 1944ರ ಫೋರ್ಡ್ ಜಿಪಿಡಬ್ಲ್ಯು ಜೀಪೊಂದಿದೆ. ತಂದೆಯವರು ಅದನ್ನು ಹೊಲಕ್ಕೂ ಸಂತೆಗೂ ಓಡಿಸಿದವರು; ನಾನು ಹನ್ನೊಂದು ವರ್ಷಗಳಿಂದ ಅದನ್ನು ಮೊದಲಿನ ರೂಪಕ್ಕೆ ತಂದು ಜೋಪಾನ ಮಾಡಿಕೊಂಡು ಬಂದಿದ್ದೇನೆ. ಹಳೆಯ ಸೇನಾ ವಾಹನಗಳ ಮೇಲೆ ಇದೇ ಮಮತೆ ಇರುವ ನಾವು ಆರು ಜನ ಗೆಳೆಯರಿದ್ದೇವೆ. ಜಮಖಂಡಿಯವರ ಹತ್ತಿರ ಜೋಂಗಾ ಎಂಬ ಸೇನೆಯ ದೊಡ್ಡ ಜೀಪೊಂದು ಇದೆ, ವಿಜಯಪುರದವರ ಹತ್ತಿರ ಹರಾಜಿನಲ್ಲಿ ಹಿಡಿದ ಶಕ್ತಿಮಾನ್ ಲಾರಿ ಇದೆ, ಉಳಿದವರಲ್ಲಿ ಜೀಪುಗಳೂ ಸೇನೆಯಿಂದ ಹೊರಬಂದ ಬುಲೆಟ್ ಬೈಕುಗಳೂ ಇವೆ.

ಬರುವ ಡಿಸೆಂಬರ್ 16ರ ವಿಜಯ ದಿವಸದ ನಿಮಿತ್ತ ಒಂದು ಸೇನಾ ಘಟಕ ಮತ್ತು ಒಂದು ಮಾಜಿ ಸೈನಿಕರ ಸಂಘ ಸೇರಿ ಎರಡು ದಿನಗಳ ಪ್ರದರ್ಶನ ಇಟ್ಟುಕೊಂಡಿದ್ದು, ನಮ್ಮ ವಾಹನಗಳನ್ನೂ ತಂದು ನಿಲ್ಲಿಸಬೇಕೆಂದು ಪ್ರೀತಿಯಿಂದ ಕೇಳಿದ್ದಾರೆ. ಸ್ಥಳ ದಂಡು ಪ್ರದೇಶದೊಳಗಿನ ಮೈದಾನ. ಪ್ರವೇಶ ಉಚಿತ, ಶಾಲಾ ಮಕ್ಕಳು ತಂಡ ತಂಡವಾಗಿ ಬರುತ್ತಾರೆ. ಆಮಂತ್ರಣದ ಪತ್ರ ಒಂದೇ ಪುಟದ್ದು, ಅದರಲ್ಲಿ ಖರ್ಚಿನ ಮಾತೇ ಇಲ್ಲ. ಅದರ ಜೊತೆ ಛಾಪಾ ಕಾಗದದ ಮೇಲೆ ಬರೆದುಕೊಡಲು ಒಂದು ಬಾಂಡಿನ ಮಾದರಿ ಕಳಿಸಿದ್ದಾರೆ. ಅದರ ಸಾರ ಇಷ್ಟು: ವಾಹನಕ್ಕೆ ಆಗುವ ಅಥವಾ ವಾಹನದಿಂದ ಆಗುವ ಯಾವುದೇ ಹಾನಿ, ಗಾಯ, ಸಾವಿಗೆ ಕಾರಣ ಏನೇ ಇದ್ದರೂ ಮಾಲೀಕನೇ ಹೊಣೆ, ಮತ್ತು ಭಾರತದ ರಾಷ್ಟ್ರಪತಿಯವರನ್ನೂ ಸಂಘಟಕರನ್ನೂ ಎಲ್ಲ ಕ್ಲೇಮುಗಳಿಂದ ಅವನು ಮುಕ್ತಗೊಳಿಸತಕ್ಕದ್ದು.

ರಾಷ್ಟ್ರಪತಿಯವರ ಹೆಸರು ನೋಡಿ ನಮ್ಮಲ್ಲಿ ಇಬ್ಬರು ಹೆದರಿ ಹಿಂದೆ ಸರಿದಿದ್ದಾರೆ. ವಿಜಯಪುರದಿಂದ ಇಲ್ಲಿಗೆ ಸುಮಾರು 200 ಕಿಲೋಮೀಟರ್. ಲಾರಿಯನ್ನು ಟ್ರೇಲರ್ ಮೇಲೆ ಹೇರಿ ತರಲು ಹಣ ಬೇಕು, ಜೋಂಗಾ ಅಂತೂ ಲೀಟರ್ ಪೆಟ್ರೋಲಿಗೆ ನಾಲ್ಕು ಕಿಲೋಮೀಟರ್ ಬಂದರೆ ಹೆಚ್ಚು. ಉದ್ಯಮಬಾಗದ ಒಂದು ಫೌಂಡ್ರಿಯವರು ಪ್ರಾಯೋಜಕರಾಗಿ ಹಣ ಕೊಡಲು ಸಿದ್ಧರಿದ್ದಾರೆ, ಆದರೆ ಅದನ್ನು ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಖರ್ಚು) ಲೆಕ್ಕಕ್ಕೆ ಹಾಕಿಕೊಳ್ಳಬಹುದೇ ಎಂದು ಕೇಳುತ್ತಿದ್ದಾರೆ. ಸೇನೆ ನಮ್ಮ ಸಾಗಣೆಯ ಖರ್ಚು ಕೊಡಬಹುದೇ? ನಮ್ಮ ಸಾಮಾನ್ಯ ವಿಮೆ ಇಂಥ ಪ್ರದರ್ಶನದಲ್ಲಿ ಕೆಲಸಕ್ಕೆ ಬರುತ್ತದೆಯೇ? ಈ ಬಾಂಡಿಗೆ ಸಹಿ ಹಾಕಬೇಕೇ? ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕು. ನಮಗೆ ಹೋಗುವ ಮನಸ್ಸಿದೆ. ಕಣ್ಣು ಮುಚ್ಚಿಕೊಂಡು ಹೋಗುವ ಮನಸ್ಸಿಲ್ಲ.

ಉತ್ತರ: ನಿವೃತ್ತ ಸುಬೇದಾರ್, ಗೋಕಾಕ

ನಾನು ಸೇನೆಯಲ್ಲಿ ಇಪ್ಪತ್ತೆಂಟು ವರ್ಷ ಕ್ಲರ್ಕ್ ಆಗಿ, ಕೊನೆಗೆ ಹೆಡ್ ಕ್ಲರ್ಕ್ ಆಗಿ ಲೆಕ್ಕಪತ್ರ ಬರೆದವನು. ಆದ್ದರಿಂದ ಹಣದ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ.

ಒಂದು ಸೇನಾ ಘಟಕದ ಹತ್ತಿರ ಎರಡು ಬೇರೆ ಬೇರೆ ಹಣದ ಚೀಲಗಳಿರುತ್ತವೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಒಂದು ಪಬ್ಲಿಕ್ ಫಂಡ್, ಅಂದರೆ ಸರ್ಕಾರ ಬಜೆಟ್ಟಿನಿಂದ ಕೊಟ್ಟ ಹಣ. ಇನ್ನೊಂದು ರೆಜಿಮೆಂಟಲ್ ಫಂಡ್, ಅಂದರೆ ಚಂದಾ, ದೇಣಿಗೆ, ಕ್ಯಾಂಟೀನಿನ ಲಾಭದ ಪಾಲು ಮೊದಲಾದವುಗಳಿಂದ ಘಟಕವೇ ಕೂಡಿಸಿಕೊಂಡು ಸೈನಿಕರ ಹಿತಕ್ಕಾಗಿ ನಡೆಸುವ ನಿಧಿ. ಎರಡಕ್ಕೂ ನಿಯಮ ಬೇರೆ, ಲೆಕ್ಕ ತಪಾಸಣೆ ಬೇರೆ. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ ರೆಜಿಮೆಂಟಲ್ ಫಂಡಿನಿಂದ ಸಂಬಳ ಪಡೆಯುತ್ತಿದ್ದ ಧೋಬಿಗಳು ತಾವು ಸರ್ಕಾರಿ ನೌಕರರೆಂದು ವಾದಿಸಿದಾಗ, ಈ ನಿಧಿ ಸರ್ಕಾರಿ ಹಣವಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತ್ತು.

ಪಬ್ಲಿಕ್ ಫಂಡಿನಿಂದ ನಿಮ್ಮ ಟ್ರೇಲರ್ ಬಾಡಿಗೆ ಕೊಡುವುದು ಬಹಳ ಕಷ್ಟ. 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 21ನೆಯ ನಿಯಮ ಎಂಬುದೊಂದಿದೆ: ವಿವೇಕಿಯಾದ ಮನುಷ್ಯ ತನ್ನ ಸ್ವಂತ ಹಣವನ್ನು ಹೇಗೆ ಎಚ್ಚರದಿಂದ ಖರ್ಚು ಮಾಡುತ್ತಾನೋ ಹಾಗೆಯೇ ಅಧಿಕಾರಿ ಸರ್ಕಾರದ ಹಣವನ್ನು ಖರ್ಚು ಮಾಡಬೇಕು, ಮತ್ತು ಆ ಖರ್ಚಿನಿಂದ ಒಬ್ಬ ವ್ಯಕ್ತಿಗೋ ಒಂದು ಗುಂಪಿಗೋ ಲಾಭ ಮಾಡಿಕೊಟ್ಟಂತೆ ಆಗಬಾರದು. ಪ್ರತಿ ರೂಪಾಯಿಗೂ ಒಂದು ಲೆಕ್ಕಶೀರ್ಷಿಕೆ ಬೇಕು, ಮಂಜೂರಾತಿ ಬೇಕು, ಅದನ್ನು ರಕ್ಷಣಾ ಲೆಕ್ಕಪತ್ರ ಇಲಾಖೆಯವರು ಪಾಸು ಮಾಡಬೇಕು. ಇಂಧನದ ಮಾತೂ ಹೀಗೆಯೇ. ಘಟಕದ ಪೆಟ್ರೋಲು ಸರ್ಕಾರಿ ವಾಹನಗಳ ಪಾಲಿನದು. ಒಂದೊಂದು ಲೀಟರೂ ಆಯಾ ವಾಹನದ ಕಾರ್ ಡೈರಿಯಲ್ಲಿ ಏರಬೇಕು. ಮೈದಾನದಲ್ಲಿ ಯಾರಾದರೂ ಜವಾನರು ಪ್ರೀತಿಯಿಂದ ಜೆರಿಕ್ಯಾನ್ ತಂದು ನಿಮ್ಮ ಜೋಂಗಾಕ್ಕೆ ಸುರಿಯಲು ಬಂದರೆ ಕೈಮುಗಿದು ಬೇಡವೆನ್ನಿ. ಅದರಿಂದ ತೊಂದರೆಗೆ ಸಿಕ್ಕಿಬೀಳುವವನು ಆ ಜವಾನ.

ರೆಜಿಮೆಂಟಲ್ ಫಂಡಿನಲ್ಲಿ ಸ್ವಲ್ಪ ಸಡಿಲಿಕೆ ಇದೆ. ಕಮಾಂಡಿಂಗ್ ಆಫೀಸರ್ ಅದರ ಟ್ರಸ್ಟಿ ಇದ್ದ ಹಾಗೆ. ಅತಿಥಿಗಳ ಊಟ, ಚಹಾ, ಸ್ಮರಣಿಕೆ, ಪೆಂಡಾಲು ಮುಂತಾದವನ್ನು ಅವರು ಅದರಿಂದ ಭರಿಸಬಲ್ಲರು. ಮನಸ್ಸು ಮಾಡಿದರೆ ಸಾಗಣೆಯ ಸ್ವಲ್ಪ ಭಾಗವನ್ನೂ ರಶೀದಿ ತೆಗೆದುಕೊಂಡು ಕೊಡಬಲ್ಲರು. ಆದರೆ ಅದನ್ನು ಮೊದಲೇ ಮಂಜೂರು ಮಾಡಿ ಕಡತದಲ್ಲಿ ಬರೆದಿರಬೇಕು. ನಿವೃತ್ತಿಯ ನಂತರ ನಾನೇ ಮಧ್ಯಸ್ಥಿಕೆ ವಹಿಸಿ ಕೆಲವರ ಬುಲೆಟ್‌ಗಳನ್ನು ಒಂದು ಕಾರ್ಯಕ್ರಮಕ್ಕೆ ಕಳಿಸಿಕೊಟ್ಟಿದ್ದೆ. ಖರ್ಚು ಕೊಡುತ್ತೇವೆಂದು ಬಾಯಿಮಾತಿನಲ್ಲಿ ಹೇಳಿದ್ದ ಅಧಿಕಾರಿಗೆ ಮೂರೇ ವಾರಗಳಲ್ಲಿ ಪೋಸ್ಟಿಂಗ್ ಬಂತು. ಅವರ ಜಾಗಕ್ಕೆ ಬಂದವರು ಕಡತ ತೆರೆದು ನೋಡಿದರೆ ಅಲ್ಲಿ ಒಂದು ಗೆರೆಯೂ ಇರಲಿಲ್ಲ. ಅವರಾದರೂ ಏನು ಮಾಡಿಯಾರು? ಆ ಹುಡುಗರ ಹಣವನ್ನು ನಾನು ನನ್ನ ಪೆನ್ಶನ್ನಿನಿಂದ ಕೊಟ್ಟೆ. ಆ ದಿನದಿಂದ, ಬರೆದಿಲ್ಲದ ಹಣ ಬಂದಿಲ್ಲದ ಹಣ ಎಂದೇ ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ.

ಪ್ರಾಯೋಜಕರ ವಿಷಯ. ಫೌಂಡ್ರಿಯವರಿಗೆ ನೇರವಾಗಿ ಹೇಳಿಬಿಡಿ, ಇದು ಸಿಎಸ್‌ಆರ್ ಆಗುವುದಿಲ್ಲ. ಕಂಪನಿ ಕಾಯ್ದೆಯ ಏಳನೆಯ ಅನುಸೂಚಿಯಲ್ಲಿ ಮಾಜಿ ಸೈನಿಕರು, ಯುದ್ಧ ವಿಧವೆಯರು ಮತ್ತು ಅವಲಂಬಿತರ ಹಿತಕ್ಕಾಗಿ ಮಾಡುವ ಕೆಲಸಗಳಿಗೆ ಜಾಗವಿದೆ ನಿಜ. ಆದರೆ ಮ್ಯಾರಥಾನ್, ಪ್ರಶಸ್ತಿ, ಜಾಹೀರಾತು, ಪ್ರಾಯೋಜಕತ್ವದಂಥ ಒಂದೇ ಸಲದ ಕಾರ್ಯಕ್ರಮಗಳು ಸಿಎಸ್‌ಆರ್ ಖರ್ಚಿಗೆ ಸೇರುವುದಿಲ್ಲ ಎಂದು ಕಂಪನಿ ವ್ಯವಹಾರಗಳ ಸಚಿವಾಲಯ 2014ರ ಜೂನ್ ತಿಂಗಳ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಅವರು ಸಾಮಾನ್ಯ ಪ್ರಚಾರ ವೆಚ್ಚವೆಂದು ಕೊಡಲಿ, ಅದರಲ್ಲಿ ತಪ್ಪೇನೂ ಇಲ್ಲ. ಆ ಹಣ ನಿಮ್ಮ ಯಾರ ಖಾತೆಗೂ ಬರಬಾರದು, ಘಟಕದ ಕೈಗೂ ನೇರವಾಗಿ ಹೋಗಬಾರದು. ಮಾಜಿ ಸೈನಿಕರ ಸಂಘ ನೋಂದಾಯಿತ ಸಂಘವಾಗಿದ್ದರೆ ಅದರ ಬ್ಯಾಂಕ್ ಖಾತೆಗೆ ಚೆಕ್ ಬರಲಿ, ಸಂಘದವರು ಟ್ರೇಲರಿನವರಿಗೆ ನೇರವಾಗಿ ಪಾವತಿಸಲಿ. ಧ್ವಜ ದಿನದ ನಿಧಿಯಿಂದ ಸ್ವಲ್ಪ ಸಿಕ್ಕೀತೇ ಎಂದು ಕೆಲವರು ಕೇಳುವುದುಂಟು. ಡಿಸೆಂಬರ್ 7ರಂದು ಕೂಡಿಸುವ ಆ ಹಣ ವೀರ ವನಿತೆಯರದು, ಅಂಗವಿಕಲ ಸೈನಿಕರದು. ಅದನ್ನು ಕೇಳಲೂ ಬಾರದು.

ಉತ್ತರ: ವಿಮಾ ಸಮೀಕ್ಷಕ, ವಿಜಯಪುರ

ಸುಬೇದಾರ್ ಸಾಹೇಬರು ಹಣದ ಮಾತನ್ನು ತಿಳಿಯಾಗಿ ಹೇಳಿದ್ದಾರೆ. ಅವರು ಹೇಳಿದ ಆ ಹಣಕ್ಕೂ ನಿಮ್ಮ ವಿಮೆಗೂ ಒಂದು ಸೂಕ್ಷ್ಮವಾದ ಗಂಟಿದೆ. ಅದನ್ನು ಮೊದಲು ಬಿಡಿಸುತ್ತೇನೆ.

ನಿಮ್ಮ ಪಾಲಿಸಿಯ ಸರ್ಟಿಫಿಕೇಟಿನಲ್ಲಿ ಬಳಕೆಯ ಮಿತಿಗಳು ಎಂಬ ಒಂದು ಪರಿಚ್ಛೇದವಿರುತ್ತದೆ. ಖಾಸಗಿ ವಾಹನವನ್ನು ಬಾಡಿಗೆ ಅಥವಾ ಪ್ರತಿಫಲಕ್ಕೆ, ಸರಕು ಸಾಗಿಸಲು, ಸಂಘಟಿತ ರೇಸಿಗೆ, ವೇಗದ ಪರೀಕ್ಷೆಗೆ, ಗಾಡಿಯ ತಾಳಿಕೆ ನೋಡುವ ರಿಲಯಬಿಲಿಟಿ ಟ್ರಯಲಿಗೆ, ಮೋಟಾರು ವ್ಯಾಪಾರಕ್ಕೆ ಬಳಸಿದರೆ ರಕ್ಷಣೆ ಇಲ್ಲ ಎಂದು ಅದು ಹೇಳುತ್ತದೆ. ಈ ಪಟ್ಟಿಯಲ್ಲಿ ಪ್ರದರ್ಶನ ಎಂಬ ಶಬ್ದ ಇಲ್ಲ. ಆದ್ದರಿಂದ ಮೈದಾನದಲ್ಲಿ ತಂದು ನಿಲ್ಲಿಸಿದ ಮಾತ್ರಕ್ಕೆ ಪಾಲಿಸಿ ಸತ್ತುಹೋಗುವುದಿಲ್ಲ. ಆದರೆ ಸಂಘಟಕರು ಕೊಡುವ ಹಣಕ್ಕೆ ಪತ್ರದಲ್ಲಿ ‘ಎರಡು ದಿನದ ವಾಹನ ಬಾಡಿಗೆ’ ಎಂದು ಬರೆದುಬಿಟ್ಟರೆ, ನಾಳೆ ಕ್ಲೇಮು ಬಂದಾಗ ಕಂಪನಿಯವರು ಮೊದಲು ಕೈಯಿಡುವುದೇ ಆ ಶಬ್ದದ ಮೇಲೆ. ‘ಸಾಗಣೆಗೆ ಆದ ನಿಜವಾದ ವೆಚ್ಚವನ್ನು ರಶೀದಿಯಂತೆ ಮರುಪಾವತಿಸಲಾಗುವುದು’ ಎಂದು ಬರೆಸಿಕೊಳ್ಳಿ. ಅದೇ ಹಣ, ಅದೇ ಮೊತ್ತ. ಆದರೆ ಒಂದು ಶಬ್ದ ನಿಮ್ಮನ್ನು ಉಳಿಸುತ್ತದೆ, ಇನ್ನೊಂದು ಮುಳುಗಿಸುತ್ತದೆ. ಮೈದಾನದಲ್ಲಿ ಗುಡ್ಡ ಹತ್ತಿಸುವ, ಕೆಸರಿನಲ್ಲಿ ಓಡಿಸಿ ತೋರಿಸುವ ಸ್ಪರ್ಧೆ ಏನಾದರೂ ಇಟ್ಟಿದ್ದರೆ ಅದಕ್ಕೆ ಮಾತ್ರ ಕಂಪನಿಯಿಂದ ಪ್ರತ್ಯೇಕವಾಗಿ ಎಂಡೋರ್ಸ್‌ಮೆಂಟ್, ಅಂದರೆ ಪಾಲಿಸಿಗೆ ಸೇರಿಸುವ ಲಿಖಿತ ಒಪ್ಪಿಗೆ, ಪಡೆಯದೆ ಗಾಡಿ ಇಳಿಸಬೇಡಿ.

ಇನ್ನೊಂದು ಸಂಗತಿ. ಪ್ರೀಮಿಯಂ ಕಡಿಮೆಯಾಗಲೆಂದು ಅನೇಕರು ಮೂರನೆಯವರ ಆಸ್ತಿ ಹಾನಿಯ ಮಿತಿಯನ್ನು 6,000 ರೂಪಾಯಿಗೆ ಇಳಿಸಿಕೊಂಡಿರುತ್ತಾರೆ. ಸಾಮಾನ್ಯವಾಗಿ ಖಾಸಗಿ ಕಾರಿಗೆ ಆ ಮಿತಿ 7.5 ಲಕ್ಷ ಇರುತ್ತದೆ. ಪ್ರದರ್ಶನದಲ್ಲಿ ನಿಮ್ಮ ಪಕ್ಕದಲ್ಲಿ ನಿಂತಿರುವುದು ಇನ್ನೊಬ್ಬರ ಅಪರೂಪದ ಗಾಡಿ ಅಥವಾ ಸೇನೆಯ ಉಪಕರಣ. ಗೇರಿನಲ್ಲಿಟ್ಟು ಮರೆತ ಜೀಪನ್ನು ಯಾರೋ ಸೆಲ್ಫ್ ಹೊಡೆದು ಅದಕ್ಕೆ ಹಾಯಿಸಿದರೆ 6,000 ಯಾವ ಮೂಲೆಗೆ ಸಾಕು? ಇವತ್ತೇ ಪಾಲಿಸಿ ತೆಗೆದು ಆ ಸಾಲನ್ನು ಓದಿ.

ಪ್ಯಾಕೇಜ್ ಪಾಲಿಸಿ (ಸ್ವಂತ ಗಾಡಿಯ ಹಾನಿಗೂ ಮೂರನೆಯವರ ಹಾನಿಗೂ ಸೇರಿದ ವಿಮೆ) ಇಲ್ಲದೆ ಕೇವಲ ಥರ್ಡ್ ಪಾರ್ಟಿ ಇದ್ದವರು ಮಕ್ಕಳನ್ನು ಕೂರಿಸಿಕೊಂಡು ಮೈದಾನ ಸುತ್ತಿಸಬಾರದು. ಕಾಯ್ದೆ ಕಡ್ಡಾಯ ಮಾಡಿದಷ್ಟೇ ಇರುವ ಈ ಬರೀ ಆ್ಯಕ್ಟ್ ಪಾಲಿಸಿಯಲ್ಲಿ ಪುಕ್ಕಟೆಯಾಗಿ ಕೂತವರಿಗೆ ರಕ್ಷಣೆ ಇಲ್ಲವೆಂದು ಬೈಕಿನ ಹಿಂಬದಿ ಸವಾರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದೆ. ನಮ್ಮೂರಿನ ಶಕ್ತಿಮಾನ್ ಮಾಲೀಕರಿಗಂತೂ ಇದು ಇನ್ನೂ ಬಿಗಿ. ಸರಕು ಸಾಗಣೆಯ ಗಾಡಿಯ ಹಿಂದೆ ಜನರನ್ನು ಹತ್ತಿಸಿದರೆ ಕಂಪನಿಯ ಹೊಣೆ ಬರುವುದಿಲ್ಲ ಎಂಬುದು 2003ರಿಂದ ನೆಲೆನಿಂತ ಮಾತು. ಫೋಟೋಕ್ಕೆಂದು ಮಕ್ಕಳು ಹತ್ತಿದರೂ ಗಾಡಿ ಒಂದು ಗೇಣು ಚಲಿಸಕೂಡದು.

ಜೀಪಿಗೆ ಆಗುವ ಹಾನಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 2021ರ ಜುಲೈನಲ್ಲಿ ಬಂದ ಕೇಂದ್ರ ನಿಯಮಗಳ ಪ್ರಕಾರ 50 ವರ್ಷ ಮೀರಿದ, ಮೂಲ ರೂಪದಲ್ಲಿರುವ, ಸ್ವಂತ ಬಳಕೆಯ ಎರಡು ಮತ್ತು ನಾಲ್ಕು ಗಾಲಿಯ ವಾಹನಗಳು ವಿಂಟೇಜ್ ಎಂದು ನೋಂದಣಿಯಾಗಬಹುದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ, ನಂಬರಿನಲ್ಲಿ ವಿಎ ಅಕ್ಷರ. ಹಾಗೆ ನೋಂದಣಿಯಾದ ಗಾಡಿ ಪ್ರದರ್ಶನ, ರ್‍ಯಾಲಿ, ದುರಸ್ತಿ, ಇಂಧನ ತುಂಬುವುದು ಇಂಥವಕ್ಕೆ ಮಾತ್ರ ರಸ್ತೆಗಿಳಿಯಬೇಕು, ವಾಣಿಜ್ಯ ಬಳಕೆ ಸಲ್ಲದು. ಬಾಡಿಗೆ ಎಂಬ ಶಬ್ದ ಅಲ್ಲಿಯೂ ಕಂಟಕವೇ. ಆದರೆ ವಿಮೆಯ ಹಳೆಯ ಮೋಟಾರು ಟ್ಯಾರಿಫ್‌ನಲ್ಲಿ ವಿಂಟೇಜ್ ಎಂದರೆ 1940ರ ಅಂತ್ಯಕ್ಕಿಂತ ಮೊದಲು ತಯಾರಾದ ಕಾರು. ನಿಮ್ಮ 1944ರ ಜೀಪು ಸಾರಿಗೆ ಇಲಾಖೆಯ ಕಣ್ಣಿಗೆ ವಿಂಟೇಜ್ ಆಗಬಹುದು, ವಿಮಾ ಕಂಪನಿಯ ಕಣ್ಣಿಗೆ ಆಗಲಿಕ್ಕಿಲ್ಲ. ಹೀಗಾಗಿ ಅದರ ಬೆಲೆಯನ್ನು, ಅಂದರೆ ಐಡಿವಿಯನ್ನು, ನೀವೂ ಕಂಪನಿಯವರೂ ಮಾತಾಡಿ ಒಪ್ಪಿಕೊಂಡು ಪಾಲಿಸಿಯಲ್ಲಿ ಬರೆಸಬೇಕು. ಹೊರಡುವ ಮೊದಲು ಫೋಟೋ ಸಹಿತ ಒಂದು ಮೌಲ್ಯಮಾಪನ ವರದಿ ಮಾಡಿಸಿಟ್ಟುಕೊಳ್ಳಿ. ಅಪಘಾತವಾದ ಮೇಲೆ ಬೆಲೆ ಹೇಳುವವನ ಮಾತನ್ನು ಯಾರೂ ನಂಬುವುದಿಲ್ಲ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ, ಏಕೆಂದರೆ ಹಾಗೆ ನಂಬದೆ ವರದಿ ಬರೆಯುವ ಕೆಲಸವೇ ನನ್ನದು.

ಕಾರ್ಯಕ್ರಮಕ್ಕೆ ಸಾರ್ವಜನಿಕ ಹೊಣೆಗಾರಿಕೆಯ ಪಾಲಿಸಿಯನ್ನು ಸಂಘಟಕರು ಎರಡು ದಿನದ ಮಟ್ಟಿಗೆ ಕೊಳ್ಳಬಹುದು. 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆಯನ್ನು ಯಾರಾದರೂ ಇದರೊಂದಿಗೆ ಬೆರೆಸಿ ಹೇಳಿದರೆ ಕೇಳಬೇಡಿ. ಅದು ಅಪಾಯಕಾರಿ ರಾಸಾಯನಿಕಗಳನ್ನು ನಿರ್ವಹಿಸುವ ಕಾರ್ಖಾನೆಗಳಂಥವುಗಳಿಗೆ ಸಂಬಂಧಿಸಿದ್ದು, ಇದು ಬೇರೆಯೇ.

ಉತ್ತರ: ಮುಧೋಳದ ವಿಲ್ಲೀಸ್ ಮಾಲೀಕ

ನನಗೆ ಕಾನೂನು ತಿಳಿಯದು. ಆಗಿದ್ದನ್ನು ಬರೆಯುತ್ತೇನೆ.

ಎರಡು ವರ್ಷದ ಹಿಂದೆ ಒಂದು ಮೈದಾನದಲ್ಲಿ ನನ್ನ ಜೀಪನ್ನು ಪ್ರದರ್ಶನಕ್ಕೆ ಇಟ್ಟಿದ್ದೆ. ಎಂಜಿನ್ ಕಾಣಲೆಂದು ಬಾನೆಟ್ ತೆರೆದಿದ್ದೆ. ವಿಲ್ಲೀಸಿನ ಬಾನೆಟ್ಟು ಹಿಂದಕ್ಕೆ ಮಗುಚಿ ಗಾಜಿನ ಚೌಕಟ್ಟಿಗೆ ಒರಗುತ್ತದೆ. ಅದನ್ನು ಬಿಗಿಯಾಗಿ ಕಟ್ಟದಿದ್ದರೆ ಒಳ್ಳೆಯ ಗಾಳಿಗೆ ಮುಂದಕ್ಕೆ ಬಂದು ಬೀಳುತ್ತದೆ. ಮಧ್ಯಾಹ್ನ ಮೂರರ ಹೊತ್ತಿಗೆ ಎದ್ದ ಗಾಳಿಗೆ ಹಾಗೆಯೇ ಬಿತ್ತು. ಕಾರ್ಬುರೇಟರ್ ತೋರಿಸೆಂದು ಕೇಳುತ್ತಾ ಕೈ ಒಳಗಿಟ್ಟಿದ್ದ ಎಂಟು ವರ್ಷದ ಹುಡುಗನ ಮಣಿಕಟ್ಟಿನ ಎಲುಬು ಮುರಿಯಿತು. ಆ ಶಬ್ದ ಮತ್ತು ಆ ಮಗುವಿನ ಮುಖ ಇನ್ನೂ ನನ್ನ ಕಣ್ಣ ಮುಂದಿವೆ. ನಾನೇ ಎತ್ತಿಕೊಂಡು ಆಸ್ಪತ್ರೆಗೆ ಓಡಿದೆ.

ವಿಮಾ ಕಂಪನಿಯ ಶಾಖೆಗೆ ಹೋದರೆ, ಗಾಡಿ ರಸ್ತೆಯ ಮೇಲೆ ಓಡುತ್ತಿರಲಿಲ್ಲ, ನಿಂತ ಗಾಡಿಗೆ ಥರ್ಡ್ ಪಾರ್ಟಿ ಅನ್ವಯಿಸುವುದಿಲ್ಲ ಎಂದು ಬಾಯಲ್ಲೇ ಹೇಳಿ ಕಳಿಸಿದರು. ಸಂಘಟಕರು ನಾನು ಬರೆದುಕೊಟ್ಟಿದ್ದ ಬಾಂಡನ್ನು ತೋರಿಸಿದರು. 23,000 ರೂಪಾಯಿ ನಾನೇ ಕಟ್ಟಿದೆ. ಅದಕ್ಕೆ ನನಗೆ ದುಃಖವಿಲ್ಲ, ತಪ್ಪು ನನ್ನದೇ ಇತ್ತು. ಆದರೆ ಆ ಮಗುವಿಗೆ ಇನ್ನೂ ದೊಡ್ಡ ಪೆಟ್ಟಾಗಿದ್ದರೆ ನಾನು ಹೊಲ ಮಾರಬೇಕಾಗುತ್ತಿತ್ತು. ನಿಂತ ಗಾಡಿಗೆ ವಿಮೆ ಇಲ್ಲವೆಂಬುದು ನಿಜವೇ, ಯಾರಾದರೂ ಹೇಳಿ.

ಉತ್ತರ: ಬೈಲಹೊಂಗಲದ ಓದುಗ

ನಮ್ಮ ಸೈನಿಕರು ಕರೆದಾಗ ಇಷ್ಟೊಂದು ಕಾಗದ ಕೇಳುವುದು ಸರಿಯೇ? ಸಂಗೊಳ್ಳಿ ರಾಯಣ್ಣನ ನಾಡಿನವರು ನಾವು. ಹೋಗಿ ಗಾಡಿ ನಿಲ್ಲಿಸಿ ಬರೋಣ ಎಂಬುದು ನನ್ನ ಅಭಿಪ್ರಾಯ.

ಉತ್ತರ: ವಕೀಲ, ಬಾಗಲಕೋಟೆ

ಬೈಲಹೊಂಗಲದವರ ಭಾವನೆಯನ್ನು ನಾನು ಗೌರವಿಸುತ್ತೇನೆ. ಆದರೆ ಮುಧೋಳದವರು ಬರೆದದ್ದನ್ನು ಇನ್ನೊಮ್ಮೆ ಓದಿರಿ. ಕಾಗದ ಕೇಳುವುದು ಸೈನಿಕರ ಮೇಲಿನ ಅಪನಂಬಿಕೆಯಿಂದಲ್ಲ, ನೋಡಲು ಬಂದ ಮಗುವಿಗೆ ಪೆಟ್ಟಾದರೆ ಅದರ ಮನೆಯವರು ಯಾರ ಮನೆ ಬಾಗಿಲಿಗೂ ಅಲೆಯದಂತೆ ಆಗಲೆಂದು.

ಮುಧೋಳದವರೇ, ಶಾಖೆಯವರು ನಿಮಗೆ ಹೇಳಿದ್ದು ತಪ್ಪು. 1987ರ ಅಕ್ಟೋಬರ್ 29ರ ನಸುಕಿನಲ್ಲಿ ನಮ್ಮ ಇದೇ ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ, ಸಾತಾರಾ ಜಿಲ್ಲೆಯಲ್ಲಿ, ಒಂದು ಪೆಟ್ರೋಲ್ ಟ್ಯಾಂಕರ್ ಉರುಳಿ ರಸ್ತೆಯ ಬದಿಗೆ ಬಿದ್ದಿತ್ತು. ನಾಲ್ಕು ತಾಸಿಗೂ ಹೆಚ್ಚು ಹೊತ್ತಿನ ನಂತರ, ಸೋರಿದ ಪೆಟ್ರೋಲಿಗೆ ಬೆಂಕಿ ಹತ್ತಿ ಅದು ಸ್ಫೋಟಿಸಿ, ಸುತ್ತ ಸೇರಿದ್ದ ಹಳ್ಳಿಯ ಜನ ಸತ್ತರು. ಬಿದ್ದು ನಿಶ್ಚಲವಾಗಿದ್ದ ಟ್ಯಾಂಕರ್ ಬಳಕೆಯಲ್ಲಿರಲಿಲ್ಲ ಎಂದು ವಿಮಾ ಕಂಪನಿ ವಾದಿಸಿತು. 1991ರಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ಒಪ್ಪಲಿಲ್ಲ. ಮೋಟಾರು ವಾಹನದ ಬಳಕೆ ಎಂಬ ಮಾತಿಗೆ ವಿಶಾಲವಾದ ಅರ್ಥವಿದೆ, ವಾಹನ ಕೆಟ್ಟು ನಿಂತಾಗಲೂ ಅಪಘಾತವಾಗಿ ಬಿದ್ದಾಗಲೂ ಅದು ಬಳಕೆಯಲ್ಲಿಯೇ ಇರುತ್ತದೆ ಎಂದು ಅದು ಹೇಳಿತು. ಬಾನೆಟ್ ತೆರೆದು ಜನರಿಗೆ ತೋರಿಸಲೆಂದೇ ನಿಲ್ಲಿಸಿದ ಜೀಪಿಗೆ ಈ ತರ್ಕ ಸಲ್ಲುತ್ತದೆ ಎಂದು ವಾದಿಸಲು ಗಟ್ಟಿಯಾದ ನೆಲೆ ಇದೆ.

ಅದು ದಂಡಿನ ಮೈದಾನ, ರಸ್ತೆಯಲ್ಲ ಎಂಬ ಆಕ್ಷೇಪವೂ ಬರುತ್ತದೆ. ಮೋಟಾರು ವಾಹನ ಕಾಯ್ದೆಯ 146ನೆಯ ಕಲಂ ಸಾರ್ವಜನಿಕ ಸ್ಥಳದಲ್ಲಿ ವಿಮೆ ಕಡ್ಡಾಯ ಎನ್ನುತ್ತದೆ. ಬಾಂಬೆ ಹೈಕೋರ್ಟಿನ ಪೂರ್ಣಪೀಠ 1988ರಲ್ಲಿ, ಖಾಸಗಿ ಜಾಗವಾದರೂ ಜನರಿಗೆ ಅನುಮತಿಯ ಮೇಲೆ ಪ್ರವೇಶವಿದ್ದರೆ ಅದು ಈ ಕಾಯ್ದೆಯ ಮಟ್ಟಿಗೆ ಸಾರ್ವಜನಿಕ ಸ್ಥಳವೇ ಎಂದು ತೀರ್ಪು ಕೊಟ್ಟಿದೆ. ಗೇಟಿನಲ್ಲಿ ಆಧಾರ್ ಕಾರ್ಡ್ ನೋಡಿ ಒಳಗೆ ಬಿಟ್ಟರೂ ಶಾಲಾ ಮಕ್ಕಳು ಬರುವ ಮೈದಾನ ಅಂಥದೇ. ಹಾಗಾಗಿ ವಿಮೆ ಮುಗಿದ ಗಾಡಿಯನ್ನು ಟ್ರೇಲರ್ ಮೇಲೆ ತಂದು ಇಳಿಸಿದರೂ ನಡೆಯುತ್ತದೆ ಎಂದು ಯಾರೂ ತಿಳಿಯಬಾರದು. 2019ರ ತಿದ್ದುಪಡಿಯ 164ನೆಯ ಕಲಮಿನಂತೆ ತಪ್ಪು ಯಾರದೆಂದು ಸಾಬೀತುಪಡಿಸದೆಯೇ ಸಾವಿಗೆ 5 ಲಕ್ಷ, ಗಂಭೀರ ಗಾಯಕ್ಕೆ 2.5 ಲಕ್ಷ ಕೇಳುವ ಅವಕಾಶವಿದೆ. ವಿಮೆ ಇಲ್ಲದಿದ್ದರೆ ಅದನ್ನು ಕೊಡಬೇಕಾದವನು ಮಾಲೀಕ.

ಈಗ ಬಾಂಡು. ರಾಷ್ಟ್ರಪತಿಯವರ ಹೆಸರಿಗೆ ಹೆದರಬೇಡಿ. ಸಂವಿಧಾನದ 299ನೆಯ ವಿಧಿಯಂತೆ ಕೇಂದ್ರ ಸರ್ಕಾರದ ಎಲ್ಲ ಕರಾರುಗಳೂ ಅವರ ಹೆಸರಿನಲ್ಲೇ ಆಗುತ್ತವೆ, ಒಂದು ಕಟ್ಟಡದ ಬಾಡಿಗೆ ಪತ್ರವಾದರೂ ಹಾಗೆಯೇ. ಹೆದರಬೇಕಾದದ್ದು ‘ಕಾರಣ ಏನೇ ಇದ್ದರೂ’ ಎಂಬ ಮೂರು ಶಬ್ದಗಳಿಗೆ. ಸೇನೆಯ ಲಾರಿ ಹಿಂದಕ್ಕೆ ಬರುವಾಗ ನಿಮ್ಮ ಜೀಪನ್ನು ಜಜ್ಜಿ, ಜೀಪು ಸರಿದು ಒಬ್ಬರ ಕಾಲ ಮೇಲೆ ಹತ್ತಿದರೂ ಈ ಶಬ್ದಗಳ ಪ್ರಕಾರ ಹೊಣೆ ನಿಮ್ಮದಾಗುತ್ತದೆ. ಇನ್ನೂ ಒಂದು ವಿಷಯ ಅನೇಕರಿಗೆ ಗೊತ್ತಿಲ್ಲ. ವ್ಯಾಪಾರಕ್ಕಲ್ಲದ ಕೇಂದ್ರ ಸರ್ಕಾರಿ ವಾಹನಗಳಿಗೆ ಕಡ್ಡಾಯ ವಿಮೆಯಿಂದ ಅದೇ 146ನೆಯ ಕಲಮಿನಲ್ಲಿ ವಿನಾಯಿತಿ ಇದೆ. ಅಂದರೆ ಆ ಲಾರಿಯ ಹಿಂದೆ ವಿಮಾ ಕಂಪನಿ ಇಲ್ಲದಿರಬಹುದು. ಪರಿಹಾರವನ್ನು ಭಾರತ ಸರ್ಕಾರದಿಂದಲೇ ಕೇಳಬೇಕು, ಆ ಹಕ್ಕನ್ನೇ ನೀವು ಬಾಂಡಿನಲ್ಲಿ ಬರೆದು ಕೊಟ್ಟುಬಿಡುತ್ತಿದ್ದೀರಿ. ಸರ್ಕಾರದ ಮೇಲೆ ದಾವೆ ನಡೆಯುವುದಿಲ್ಲ ಎಂಬುದೂ ತಪ್ಪು ಕಲ್ಪನೆ. ಉದಯಪುರದಲ್ಲಿ ಕಲೆಕ್ಟರರ ಸರ್ಕಾರಿ ಜೀಪನ್ನು ವರ್ಕ್‌ಶಾಪಿನಿಂದ ತರುವಾಗ ಚಾಲಕನ ಅಜಾಗರೂಕತೆಯಿಂದ ಒಬ್ಬರು ಸತ್ತ ಪ್ರಕರಣದಲ್ಲಿ ರಾಜ್ಯವೇ ಹೊಣೆ ಎಂದು ಸುಪ್ರೀಂ ಕೋರ್ಟ್ 1962ರಲ್ಲೇ ಹೇಳಿದೆ.

ಬಾಂಡನ್ನು ತಿರಸ್ಕರಿಸಬೇಕಾಗಿಲ್ಲ, ತಿದ್ದಿಸಿದರೆ ಸಾಕು. ‘ನನ್ನ ಅಥವಾ ನನ್ನ ಚಾಲಕನ ಅಜಾಗರೂಕತೆಯಿಂದ ಅಥವಾ ವಾಹನದ ದೋಷದಿಂದ ಉಂಟಾದ ಹಾನಿಯ ಮಟ್ಟಿಗೆ’ ಎಂದು ಸೇರಿಸಿ. ಸಂಘಟಕರ ಸಿಬ್ಬಂದಿ, ಅವರ ವಾಹನ, ಅವರು ನಿರ್ಮಿಸಿದ ಪೆಂಡಾಲು, ಅವರ ಕಾವಲಿನಲ್ಲಿ ರಾತ್ರಿ ನಿಂತ ವಾಹನದ ಕಳವು ಇವುಗಳನ್ನು ಸ್ಪಷ್ಟವಾಗಿ ಹೊರಗಿಡಿ. ಇಷ್ಟಾದರೆ ಯಾವ ಅಧಿಕಾರಿಯೂ ಬೇಡವೆನ್ನಲಾರರು. ಶಾಲೆಯವರಿಂದ ಮಕ್ಕಳ ಪರವಾಗಿ ‘ನಮ್ಮ ಹೊಣೆಯಲ್ಲೇ ಬಂದಿದ್ದೇವೆ’ ಎಂದು ಬರೆಸಿಕೊಂಡರೆ ಸಾಕೆಂದು ಕೆಲವರು ಭಾವಿಸುತ್ತಾರೆ. ಅಪ್ರಾಪ್ತರು ಕರಾರು ಮಾಡಲಾರರು, ಗಾಯಗೊಂಡ ಮಗುವಿನ ಪರಿಹಾರದ ಹಕ್ಕನ್ನು ಅಂಥ ಚೀಟಿ ಕಸಿಯಲಾರದು.

ಕೊನೆಯದು, ಚಾಲನೆಯ ಮಾತು. ಪೆರೇಡಿನಲ್ಲಿ ನಿಮ್ಮ ಜೀಪನ್ನು ಯೂನಿಫಾರ್ಮ್ ಧರಿಸಿದ ಜವಾನರೊಬ್ಬರು ಓಡಿಸಲಿ ಎಂದು ಕೇಳಬಹುದು. ನೋಡಲು ಅಂದವೇ. ಆದರೆ ಅಪಘಾತವಾದರೆ ಮೊದಲು ಕೇಳುವುದು ನೋಂದಾಯಿತ ಮಾಲೀಕನನ್ನೇ. ಸರ್ಕಾರ ಕಾನೂನಿನ ಬಲದಿಂದ ವಾಹನವನ್ನು ವಶಕ್ಕೆ ಪಡೆದಿದ್ದರೆ ಆ ಅವಧಿಯಲ್ಲಿ ಮಾಲೀಕ ಹೊಣೆಯಲ್ಲ ಎಂದು ಅಸ್ಸಾಮಿನ ಒಂದು ಪ್ರಕರಣದಲ್ಲಿ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ ನಿಜ. ಆದರೆ ಅದು ಬೇಡವೆನ್ನಲು ಬಾರದ ಕಡ್ಡಾಯ ವಶ. ನಿಮ್ಮದು ಪ್ರೀತಿಯ ಆಮಂತ್ರಣ, ಬೇಡವೆನ್ನುವ ಸ್ವಾತಂತ್ರ್ಯ ನಿಮಗಿದೆ. ಆದ್ದರಿಂದ ಆ ತೀರ್ಪಿನ ನೆರಳು ನಿಮ್ಮ ಮೇಲೆ ಬೀಳುತ್ತದೆ ಎಂದು ನಂಬಿ ಕೂರಬೇಡಿ. ನೀವೇ ಓಡಿಸಿ, ಲೈಸೆನ್ಸ್ ಜೇಬಿನಲ್ಲಿರಲಿ.

ಉತ್ತರ: ನಿವೃತ್ತ ಸುಬೇದಾರ್, ಗೋಕಾಕ

ವಕೀಲ ಸಾಹೇಬರ ಮಾತಿಗೆ ಒಂದೇ ಸೇರ್ಪಡೆ. ಕೇಂದ್ರ ಮೋಟಾರು ವಾಹನ ನಿಯಮಗಳ 121ನೆಯ ನಿಯಮದಂತೆ ಆಲಿವ್ ಗ್ರೀನ್ ಬಣ್ಣ ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ ಮೀಸಲು. ಮೂಲ ರೂಪ ಎಂಬ ಆಸೆಯಿಂದ ಆ ಬಣ್ಣ ಬಳಿದು, ಮೇಲ್ಮುಖ ಬಾಣದ ಸೇನಾ ನಂಬರ್ ಫಲಕ ಹಾಕಿಕೊಂಡು ರಸ್ತೆಯಲ್ಲಿ ಬರುವವರನ್ನು ಕಂಡಿದ್ದೇನೆ. ಆರ್‌ಸಿಯಲ್ಲಿ ಒಂದು ಬಣ್ಣ, ಗಾಡಿಯ ಮೈಮೇಲೆ ಇನ್ನೊಂದು ಬಣ್ಣ ಇದ್ದರೆ ಕ್ಲೇಮಿನ ದಿನ ಅದೂ ಒಂದು ತಕರಾರಾಗುತ್ತದೆ. ದಂಡಿನ ಗೇಟಿನಲ್ಲಿ ಅಂಥ ಗಾಡಿಯನ್ನು ನಿಲ್ಲಿಸಿದರೆ ಕಾವಲಿನವನ ತಪ್ಪಿಲ್ಲ.

ಪ್ರಶ್ನೆ ಕೇಳಿದವರು: ಟಿಳಕವಾಡಿ ಜೀಪಿನವರು, ಬೆಳಗಾವಿ

ಎಲ್ಲ ಹಿರಿಯರಿಗೂ ಮನಃಪೂರ್ವಕ ವಂದನೆಗಳು. ನಿಮ್ಮ ಮಾತುಗಳನ್ನು ಮುದ್ರಿಸಿಕೊಂಡು ಗೆಳೆಯರೊಂದಿಗೆ ಕೂತು ಓದಿದೆವು. ಪಾಲಿಸಿ ತೆಗೆದು ನೋಡಿದರೆ ನನ್ನದೇ ಆಸ್ತಿ ಹಾನಿಯ ಮಿತಿ 6,000 ಇತ್ತು. ಏಜೆಂಟರನ್ನು ಕರೆಸಿ ನಿನ್ನೆ ಸರಿಪಡಿಸಿಕೊಂಡೆ. ಸಂಘದ ಕಾರ್ಯದರ್ಶಿಯವರು ಬಾಂಡಿನ ತಿದ್ದುಪಡಿಯನ್ನು ಘಟಕದ ಅಧಿಕಾರಿಗಳಿಗೆ ತೋರಿಸಿದ್ದಾರೆ, ಅವರು ಬೇಸರಿಸದೆ ಓದಿ ಮೇಲಿನ ಕಚೇರಿಗೆ ಕಳಿಸಿದ್ದಾರೆ. ಎರಡು ದಿನದ ಹೊಣೆಗಾರಿಕೆ ಪಾಲಿಸಿಯನ್ನು ಸಂಘವೇ ಕೊಳ್ಳುತ್ತದೆ, ಅದರ ಹಣ ಫೌಂಡ್ರಿಯವರದು. ಶಕ್ತಿಮಾನ್ ಮಾತ್ರ ಈ ವರ್ಷ ಬರುವುದಿಲ್ಲ, ಅದರ ಫಿಟ್ನೆಸ್ ಸರ್ಟಿಫಿಕೇಟಿನ ಅವಧಿ ಮುಗಿದಿದೆ ಎಂದು ಈಗ ಗೊತ್ತಾಯಿತು.

ಮುಧೋಳದವರೇ, ನೀವು ಬರೆದದ್ದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪ್ರತಿ ಗಾಡಿಯ ಸುತ್ತ ನಾಲ್ಕು ಗೂಟ ನೆಟ್ಟು ಹಗ್ಗ ಕಟ್ಟುತ್ತೇವೆ, ಬ್ಯಾಟರಿಯ ತಂತಿ ಬಿಚ್ಚಿಡುತ್ತೇವೆ, ಗಾಲಿಗಳಿಗೆ ಕಟ್ಟಿಗೆ ಕೊಡುತ್ತೇವೆ, ಎಂಜಿನ್ ಕೆಳಗೆ ಎಣ್ಣೆಗೆ ತಟ್ಟೆ ಇಡುತ್ತೇವೆ. ಬಾನೆಟ್ಟಿಗೆ ಎರಡು ಚರ್ಮದ ಪಟ್ಟಿಗಳನ್ನು ಮಾಡಿಸಲು ಶಹಾಪುರದ ಚಮ್ಮಾರರಿಗೆ ಕೊಟ್ಟಿದ್ದೇನೆ. ನೀವೂ ನಿಮ್ಮ ವಿಲ್ಲೀಸನ್ನು ತರಬೇಕು, ನಿಮಗೂ ಎರಡು ಪಟ್ಟಿ ಹೇಳಿದ್ದೇನೆ. ಬಾನೆಟ್ಟಿನ ಅಗಲ ಎಷ್ಟೆಂದು ಅಳೆದು ತಿಳಿಸಿರಿ.